ಉತ್ತರ ತಪ್ಪಾಗಿದೆ ಸರಿ, ತಪ್ಪಿದ್ದು ಎಲ್ಲಿ? ಮನೆಲೆಕ್ಕದ ದೋಷ ಹುಡುಕುವ ಕೈಪಿಡಿ

ಹೋಂವರ್ಕ್ ಪುಸ್ತಕದಲ್ಲಿ ಐದು ಲೆಕ್ಕಕ್ಕೆ ಮೂರು ತಪ್ಪು. ಆಗ ಮನೆಯಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಅಪ್ಪನೋ ಅಮ್ಮನೋ ಪೆನ್ಸಿಲ್ ಇಸ್ಕೊಂಡು, "ನೋಡಿಲ್ಲಿ, ಹೀಗೆ ಮಾಡಬೇಕು" ಅಂತ ಪೂರ್ತಿ ಲೆಕ್ಕ ಮಾಡಿ ತೋರಿಸುತ್ತಾರೆ. ಮಗು ತಲೆಯಾಡಿಸುತ್ತದೆ. ಮಾರನೇ ದಿನ ಅದೇ ತರಹದ ಲೆಕ್ಕ ಬರುತ್ತದೆ, ಅದೇ ತಪ್ಪೂ ಬರುತ್ತದೆ. "ಎಷ್ಟು ಸಲ ಹೇಳಿಕೊಟ್ಟರೂ ತಲೆಗೆ ಹೋಗಲ್ಲ" ಅನ್ನುವ ಮಾತು ಶುರುವಾಗುವುದು ಇಲ್ಲಿಂದಲೇ.

ಇಲ್ಲಿ ಒಂದು ಕೆಲಸ ಬಿಟ್ಟುಹೋಗಿದೆ. ಸರಿಯಾದ ದಾರಿ ತೋರಿಸಿದೆವು, ಆದರೆ ಮಗು ಹಿಡಿದಿದ್ದ ದಾರಿ ಯಾವುದು ಅಂತ ನೋಡಲೇ ಇಲ್ಲ. ಮಕ್ಕಳ ತಪ್ಪು ಉತ್ತರಗಳು ಬಹುಪಾಲು ಸುಮ್ನೆ ಬಂದವಲ್ಲ. ಅವುಗಳ ಹಿಂದೆ ಒಂದು ನಿಯಮ ಇರುತ್ತದೆ. ಮಗು ಆ ನಿಯಮವನ್ನು ನಂಬಿಕೊಂಡು, ಶ್ರದ್ಧೆಯಿಂದ ಪಾಲಿಸಿಯೇ ತಪ್ಪು ಉತ್ತರಕ್ಕೆ ಬಂದಿರುತ್ತದೆ. ಆ ನಿಯಮ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸಿಗದಿದ್ದರೆ ಎಷ್ಟು ಲೆಕ್ಕ ಮಾಡಿಸಿದರೂ ತಪ್ಪು ನಿಯಮವೇ ಗಟ್ಟಿಯಾಗುತ್ತಾ ಹೋಗುತ್ತದೆ.

ಮೂರರಿಂದ ಎಂಟನೇ ತರಗತಿವರೆಗೆ ಪದೇ ಪದೇ ಕಾಣುವ ದೋಷಗಳನ್ನು ಇಲ್ಲಿ ಬರೆದಿದ್ದೇನೆ. ಯಾವ ಉತ್ತರ ಬಂದರೆ ಯಾವುದರ ಮೇಲೆ ಅನುಮಾನ, ಅದು ಹೌದೋ ಅಲ್ಲವೋ ಅಂತ ತಿಳಿಯಲು ಯಾವ ಲೆಕ್ಕ ಕೊಡಬೇಕು, ಆಮೇಲೆ ಏನು ಮಾಡಬೇಕು ಅನ್ನುವುದೇ ಇಲ್ಲಿನ ವಿಷಯ.

ರಬ್ಬರ್ ಪಕ್ಕಕ್ಕಿಡಿ

ತಪ್ಪು ಹುಡುಕಬೇಕಾದರೆ ಸಾಕ್ಷಿ ಬೇಕು. ಮಗು ಅಳಿಸಿಬಿಟ್ಟರೆ ಸಾಕ್ಷಿಯೂ ಹೋಯಿತು. ತಪ್ಪಿದ್ದಕ್ಕೆ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲೇ ಮತ್ತೆ ಮಾಡಲು ಹೇಳಿ. ರಫ್ ಪುಟವನ್ನು ಹರಿದು ಬಿಸಾಡಬೇಡಿ. ಎಷ್ಟೋ ಸಲ ತಪ್ಪಿನ ಮೂಲ ಕಾಣುವುದು ರಫ್ ಪುಟದ ಮೂಲೆಯಲ್ಲೇ.

ಆಮೇಲೆ ಒಂದೇ ಪ್ರಶ್ನೆ: "ಇದನ್ನ ಹೇಗೆ ಮಾಡಿದೆ ಪುಟ್ಟಾ, ಹೇಳು ನೋಡೋಣ." ಮಗು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ. ತಪ್ಪು ಹೆಜ್ಜೆ ಕಂಡ ಕೂಡಲೇ "ಅಲ್ಲೇ ತಪ್ಪು!" ಅಂದರೆ ಮಗು ಅಲ್ಲಿಗೆ ನಿಲ್ಲುತ್ತದೆ, ಮುಂದಿನ ಹೆಜ್ಜೆಗಳಲ್ಲಿ ಇನ್ನೇನಿತ್ತೋ ಗೊತ್ತಾಗುವುದೇ ಇಲ್ಲ. ಸರಿ ಉತ್ತರ ಬಂದಾಗಲೂ ಇದೇ ಪ್ರಶ್ನೆ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ, "ಹೇಗೆ ಮಾಡಿದೆ" ಅಂದ ಕೂಡಲೇ ಮಗು ರಬ್ಬರ್ ಹುಡುಕಲು ಶುರು ಮಾಡುತ್ತದೆ.

ಸರಿ ಉತ್ತರದ ಹಿಂದೆಯೂ ತಪ್ಪು ದಾರಿ ಇರಬಹುದು. 16/64 ಕೊಟ್ಟಾಗ ಮಗು ಮೇಲಿನ 6, ಕೆಳಗಿನ 6 ಹೊಡೆದುಹಾಕಿ 1/4 ಅಂತ ಬರೆಯಿತು ಅಂದುಕೊಳ್ಳಿ. ಉತ್ತರ ಸರಿ! 19/95ಕ್ಕೆ 9 ಹೊಡೆದರೂ 1/5 ಸರಿಯಾಗೇ ಬರುತ್ತದೆ. ಈಗ 12/24 ಕೊಡಿ. 2 ಹೊಡೆದರೆ 1/4 ಬರುತ್ತದೆ, ನಿಜವಾದ ಉತ್ತರ 1/2. ಕೇಳದೇ ಇದ್ದಿದ್ದರೆ ಈ ದೋಷ ವರ್ಷಗಟ್ಟಲೆ ಒಳಗೇ ಕೂತಿರುತ್ತಿತ್ತು.

ಕಣ್ತಪ್ಪೋ, ದೋಷವೋ?

ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಅದೇ ತರಹದ ಮೂರು ಲೆಕ್ಕ ಕೊಡಿ. ಒಂದು ಮಾತ್ರ ತಪ್ಪಾದರೆ ಅದು ಕಣ್ತಪ್ಪು. ಮೂರೂ ಒಂದೇ ರೀತಿ ತಪ್ಪಾದರೆ ಅಲ್ಲಿ ನಿಯಮ ಇದೆ.

ಕಣ್ತಪ್ಪಿಗೆ ಮದ್ದು ಬೇರೆ. ಬೋರ್ಡಿನಿಂದ ಇಳಿಸಿಕೊಳ್ಳುವಾಗ 6 ಹೋಗಿ 0 ಆಗಿರುತ್ತದೆ. ಅಂಕಿಗಳು ಸಾಲು ತಪ್ಪಿ, ಹತ್ತರ ಅಂಕಿ ನೂರರ ಕೆಳಗೆ ಕೂತಿರುತ್ತದೆ. ಚೌಕುಳಿ ಗೆರೆಯ ಪುಸ್ತಕದಲ್ಲಿ, ಒಂದು ಚೌಕಕ್ಕೆ ಒಂದು ಅಂಕಿಯಂತೆ ಬರೆಸಿದರೆ ಇದರಲ್ಲಿ ಎಷ್ಟೋ ನಿಂತುಹೋಗುತ್ತದೆ. ಬೋರ್ಡ್ ನೋಡಿ ಬರೆದದ್ದೇ ಪದೇ ಪದೇ ತಪ್ಪಾಗುತ್ತಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ. ಮುಂದಿನ ಬೆಂಚಿಗೆ ಕೂರಿಸಿದಾಗ ಲೆಕ್ಕ ಸರಿಹೋದರೆ ತೊಂದರೆ ಗಣಿತದ್ದಲ್ಲ.

ಇನ್ನೊಂದು ಅನುಮಾನ ಮಗ್ಗಿ. ಮಗುವಿಗೆ ಕ್ರಮ ಗೊತ್ತಿಲ್ಲವೋ, ಅಥವಾ 7×8 ಎಷ್ಟು ಅಂತ ನೆನಪಿಲ್ಲವೋ? ಕ್ರಮ ಹಾಗೇ ಇಟ್ಟು ಅಂಕಿ ಮಾತ್ರ ಸುಲಭ ಮಾಡಿ. 78×96 ತಪ್ಪಾದರೆ 21×32 ಕೊಟ್ಟು ನೋಡಿ. ಅದು ಸರಿಯಾದರೆ ಗುಣಿಸುವ ಕ್ರಮ ಚೆನ್ನಾಗಿಯೇ ಬರುತ್ತದೆ, ಮಗ್ಗಿ ಅಲುಗಾಡುತ್ತಿದೆ. ಮಗ್ಗಿಯಲ್ಲೂ ಪೂರ್ತಿ ಮತ್ತೆ ಬಾಯಿಪಾಠ ಮಾಡಿಸುವ ಅಗತ್ಯ ಕಡಿಮೆ. ಹೆಚ್ಚಿನ ಮಕ್ಕಳಿಗೆ ಎಡವುವ ಜಾಗ 6×7, 6×8, 7×8, 8×9 ಇಂಥ ಕೆಲವು ಮಾತ್ರ. ಅವನ್ನೇ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಸಂಖ್ಯೆ ಬರೆಯುವುದರಲ್ಲೇ ತಪ್ಪಾಗಬಹುದು. "ಸಾವಿರದ ಐದು ಬರೆ" ಅಂದರೆ 10005 ಅಂತ ಬರೆಯುವ ಮಗು ಕೇಳಿದ್ದನ್ನು ಕೇಳಿದ ಹಾಗೆ ಬರೆದಿದೆ: ಮೊದಲು 1000, ಆಮೇಲೆ 5. ಈ ಮಗುವಿಗೆ ಕೂಡುವ ಕಳೆಯುವ ಲೆಕ್ಕ ಕೊಡುವ ಮೊದಲು ಸ್ಥಾನಬೆಲೆ ಸರಿಮಾಡಬೇಕು. ಸಾವಿರ, ನೂರು, ಹತ್ತು, ಬಿಡಿ ಅಂತ ನಾಲ್ಕು ಮನೆ ಗೆರೆ ಹಾಕಿ ಅದರಲ್ಲಿ ಬರೆಸಿ.

503ರಿಂದ 247 ಕಳೆದರೆ

ಕಳೆಯುವ ಲೆಕ್ಕದ ದೋಷ ಹುಡುಕಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ. ಮಧ್ಯದಲ್ಲಿ ಸೊನ್ನೆ ಇದೆ, ಬಿಡಿ ಸ್ಥಾನದಲ್ಲಿ ಮೇಲಿನ ಅಂಕಿ ಸಣ್ಣದು. ಸರಿಯಾದ ಉತ್ತರ 256. ಮಗು ಬರೆದ ತಪ್ಪು ಉತ್ತರ ನೋಡಿದರೆ ಸಾಕು, ಅದು ಏನು ಯೋಚಿಸಿತು ಅಂತ ಹೆಚ್ಚುಕಮ್ಮಿ ಓದಬಹುದು.

344 ಬಂದಿದ್ದರೆ, ಮಗು ಪ್ರತಿ ಮನೆಯಲ್ಲೂ ದೊಡ್ಡದರಿಂದ ಸಣ್ಣದನ್ನು ಕಳೆದಿದೆ. 3, 7 ನೋಡಿ 7ರಿಂದ 3 ಕಳೆದು 4. 0, 4 ನೋಡಿ 4. ಕೊನೆಗೆ 5ರಿಂದ 2 ಕಳೆದು 3. ಇದಕ್ಕೆ ಕಾರಣವೂ ಇದೆ. ಚಿಕ್ಕ ತರಗತಿಯಲ್ಲಿ "ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು" ಅಂತ ಹೇಳಿಕೊಟ್ಟಿದ್ದು ನಾವೇ ಅಲ್ವಾ? ಮಗು ಅದನ್ನು ಪೂರ್ತಿ ಸಂಖ್ಯೆಗೆ ಅನ್ವಯಿಸದೆ ಒಂದೊಂದು ಅಂಕಿಗೂ ಅನ್ವಯಿಸಿದೆ.

356 ಬಂದಿದ್ದರೆ, ಮಗುವಿಗೆ ಪಕ್ಕದಿಂದ ಸಾಲ ತರುವುದು ಗೊತ್ತು. ಸೊನ್ನೆಯನ್ನು 9 ಮಾಡಬೇಕು ಅನ್ನುವುದೂ ಗೊತ್ತು. ಆದರೆ ಆ 9 ಎಲ್ಲಿಂದ ಬಂತು ಅನ್ನುವುದು ಗೊತ್ತಿಲ್ಲ. ಹಾಗಾಗಿ 5 ಅನ್ನು 4 ಮಾಡದೆ ಹಾಗೇ ಬಿಟ್ಟಿದೆ.

246 ಅಥವಾ 206 ಬಂದಿದ್ದರೆ, ಮಗು ಸೊನ್ನೆಯ ಹತ್ತಿರ ಏನೂ ಇಲ್ಲ ಅಂತ ಅದನ್ನು ದಾಟಿ ನೇರವಾಗಿ 5ರ ಹತ್ತಿರ ಹೋಗಿದೆ. 5 ಈಗ 4 ಆಯಿತು, ಬಿಡಿ ಸ್ಥಾನದ 3 ಈಗ 13 ಆಯಿತು, ಮಧ್ಯದ ಸೊನ್ನೆ ಸೊನ್ನೆಯಾಗೇ ಉಳಿಯಿತು. ಅಲ್ಲಿ "0ಯಿಂದ 4 ಹೋಗಲ್ಲ" ಅನ್ನಿಸಿದಾಗ ಒಂದು ಮಗು ತಿರುಗಿಸಿ 4 ಬರೆಯುತ್ತದೆ, ಇನ್ನೊಂದು ಮಗು 0 ಬರೆಯುತ್ತದೆ.

ಒಂದೇ ಲೆಕ್ಕ, ನಾಲ್ಕು ತಪ್ಪು ಉತ್ತರ. ಒಂದೊಂದರ ಕಾರಣವೂ ಬೇರೆ, ಹೇಳಿಕೊಡಬೇಕಾದದ್ದೂ ಬೇರೆ. ಅಮೆರಿಕದಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಕಳೆಯುವ ಲೆಕ್ಕದ ಇಂಥ ತಪ್ಪುಗಳನ್ನೇ ಪರಿಶೀಲಿಸಿದ್ದರು. ಕಂಪ್ಯೂಟರ್ ಪ್ರೋಗ್ರಾಮಿನ ದೋಷ ಹುಡುಕುವ ಹಾಗೆಯೇ ಮಕ್ಕಳ ಲೆಕ್ಕದ ದೋಷವನ್ನೂ ಹುಡುಕಬಹುದು ಅಂತ ಅವರು ತೋರಿಸಿಕೊಟ್ಟರು.

ಖಚಿತಪಡಿಸಿಕೊಳ್ಳಲು ಸೊನ್ನೆ ಇಲ್ಲದ ಲೆಕ್ಕ ಕೊಡಿ: 583 − 247. ಉತ್ತರ 336 ಬಂದರೆ ಸಾಲ ತರುವುದು ಬರುತ್ತದೆ, ಸೊನ್ನೆಯೇ ತೊಡಕು. ಇಲ್ಲೂ 344 ಬಂದರೆ ಸಾಲ ತರುವ ವಿಚಾರವೇ ಕೂತಿಲ್ಲ.

ಸರಿಮಾಡಲು ದುಡ್ಡಿಗಿಂತ ಒಳ್ಳೆಯ ಸಾಧನ ಇಲ್ಲ. ಕಾಗದದ ಚೀಟಿಗಳ ಮೇಲೆ 100, 10, 1 ಅಂತ ಬರೆದುಕೊಳ್ಳಿ. ಮಗುವಿನ ಕೈಗೆ ಐದು ನೂರರ ಚೀಟಿ, ಮೂರು ಒಂದರ ಚೀಟಿ ಕೊಡಿ. "ಅಂಗಡಿಯವರಿಗೆ 247 ರೂಪಾಯಿ ಕೊಡಬೇಕು, ಸರಿಯಾಗಿ ಎಣಿಸಿಕೊಡು." ಮಗು ಒಂದು ನೂರನ್ನು ಚಿಲ್ಲರೆ ಮಾಡಿಸಬೇಕು, ಹತ್ತು ಹತ್ತರ ಚೀಟಿ ಸಿಗುತ್ತವೆ. ಅದರಲ್ಲಿ ಒಂದನ್ನು ಮತ್ತೆ ಚಿಲ್ಲರೆ ಮಾಡಿಸಿದರೆ ಹತ್ತು ಒಂದರ ಚೀಟಿ. ಈಗ ಕೈಯಲ್ಲಿರುವುದು ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ಒಂದು. ಆ 9 ಎಲ್ಲಿಂದ ಬಂತು, 5 ಯಾಕೆ 4 ಆಯಿತು ಅನ್ನುವುದು ಕಣ್ಣೆದುರೇ ನಡೆಯಿತು. ಆಮೇಲೆ ಅದನ್ನೇ ಪುಸ್ತಕದಲ್ಲಿ ಬರೆಸಿ. ಕೊನೆಗೆ 256 + 247 ಕೂಡಿಸಿ 503 ಬರುತ್ತದಾ ಅಂತ ಮಗುವೇ ತಾಳೆ ನೋಡಲಿ.

ಗುಣಾಕಾರ, ಭಾಗಾಕಾರ

34×26ಕ್ಕೆ 272 ಬಂದರೆ ಎರಡನೇ ಸಾಲು ಒಂದು ಮನೆ ಎಡಕ್ಕೆ ಸರಿದಿಲ್ಲ. 204ರ ಕೆಳಗೆ 68 ಬರೆದು ಕೂಡಿಸಿದೆ. ಅಲ್ಲಿರುವುದು 2 ಅಲ್ಲ, 20. ಹಾಗಾಗಿ 680 ಬರೆಯಬೇಕು, ಉತ್ತರ 884. "ಸೊನ್ನೆ ಹಾಕೋದು ಮರೀಬೇಡ" ಅಂತ ಹೇಳುವುದಕ್ಕಿಂತ, "30×25 ಸುಮಾರು ಎಷ್ಟು?" ಅಂತ ಮೊದಲೇ ಕೇಳುವ ಅಭ್ಯಾಸ ಒಳ್ಳೆಯದು. 750 ಅಂತ ಗೊತ್ತಿರುವ ಮಗುವಿಗೆ 272 ಕಂಡ ಕೂಡಲೇ ಅನುಮಾನ ಬರುತ್ತದೆ.

ಭಾಗಾಕಾರದಲ್ಲಿ ಹೆಚ್ಚು ಕಾಣುವುದು ಭಾಗಲಬ್ಧದಲ್ಲಿ ಸೊನ್ನೆ ಮಾಯವಾಗುವುದು. 3618 ÷ 6 ಅಂದರೆ 603, ಮಗು 63 ಬರೆಯುತ್ತದೆ. 1 ಇಳಿಸಿಕೊಂಡಾಗ 6 ಹೋಗಲಿಲ್ಲ, ಹಾಗಾಗಿ 8ನ್ನೂ ಇಳಿಸಿಕೊಂಡಿತು. ಹೋಗದೇ ಇದ್ದದ್ದಕ್ಕೆ 0 ಬರೆಯಲಿಲ್ಲ. ಶುರು ಮಾಡುವ ಮೊದಲು ಉತ್ತರದಲ್ಲಿ ಎಷ್ಟು ಅಂಕಿ ಬರಬೇಕು ಅಂತ ಚುಕ್ಕಿ ಇಡಿಸಿ. 3ರಲ್ಲಿ 6 ಹೋಗಲ್ಲ, 36ರಿಂದ ಶುರು, ಆದ್ದರಿಂದ ಮೂರು ಚುಕ್ಕಿ. ಒಂದು ಚುಕ್ಕಿ ಖಾಲಿ ಉಳಿದರೆ ಮಗುವಿಗೇ ಗೊತ್ತಾಗುತ್ತದೆ.

5 ÷ 0 = 5 ಅಂತ ಬರೆದ ಮಗುವನ್ನು ಬೈಯಬೇಡಿ. "ಯಾರಿಗೂ ಹಂಚಲೇ ಇಲ್ಲ, ಹಾಗಾಗಿ ಹಾಗೇ ಉಳಿಯಿತು" ಅನ್ನುವುದು ಅದರ ಯೋಚನೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಬರೆದದ್ದೂ ಇದನ್ನೇ: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಅಂತ. ಅಷ್ಟು ದೊಡ್ಡ ಗಣಿತಜ್ಞರಿಗೂ ಹೊಳೆದ ಯೋಚನೆ ಅದು. ಮಗುವಿಗೆ ತಾಳೆ ನೋಡಲು ಹೇಳಿ: 20 ÷ 4 = 5, ಯಾಕೆಂದರೆ 5×4 = 20. ಹಾಗಾದರೆ 5 ÷ 0 = 5 ಆಗಬೇಕಾದರೆ 5×0 = 5 ಆಗಬೇಕು. ಆಗುತ್ತದಾ? ಯಾವ ಸಂಖ್ಯೆ ಇಟ್ಟರೂ ಆಗುವುದಿಲ್ಲ. ಅದಕ್ಕೇ ಸೊನ್ನೆಯಿಂದ ಭಾಗಿಸುವಂತಿಲ್ಲ.

ಭಿನ್ನರಾಶಿ

1/2 + 1/3 = 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುವ ಈ ತಪ್ಪು ನೋಡದ ಮೇಷ್ಟ್ರು ಇರಲಾರರು.

ತಕ್ಷಣ ಲ.ಸಾ.ಅ. (ಕೆಳಗಿನ ಎರಡೂ ಸಂಖ್ಯೆಗಳಿಂದ ಭಾಗವಾಗುವ ಅತಿ ಸಣ್ಣ ಸಂಖ್ಯೆ) ಹೇಳಿಕೊಡಲು ಹೋಗಬೇಡಿ. ಮೊದಲು ಇನ್ನೊಂದು ಲೆಕ್ಕ ಕೊಡಿ: 1/2 + 1/2. ಅದೇ ನಿಯಮದಲ್ಲಿ ಮಾಡಿದರೆ 2/4 ಬರುತ್ತದೆ, ಅಂದರೆ ಮತ್ತೆ ಅರ್ಧವೇ. ಅರ್ಧ ಲೀಟರ್ ಹಾಲಿಗೆ ಅರ್ಧ ಲೀಟರ್ ಸೇರಿಸಿದರೆ ಅರ್ಧ ಲೀಟರೇ ಆಗುತ್ತದಾ? ಇಲ್ಲಿ ಮಗು ತಾನಾಗೇ ತಡೆದು ನಿಂತರೆ ಅದಕ್ಕೆ ಭಿನ್ನರಾಶಿ ಅಂದರೇನು ಅಂತ ಗೊತ್ತು, ಕೂಡಿಸುವ ಕ್ರಮ ಮಾತ್ರ ತಪ್ಪಿದೆ. ಏನೂ ಅನ್ನಿಸದೆ ಮುಂದೆ ಹೋದರೆ ದೋಷ ಇನ್ನೂ ಕೆಳಗಿದೆ. ಆಗ ಕೇಳಿ: 1/3 ದೊಡ್ಡದೋ, 1/4 ದೊಡ್ಡದೋ? "4 ದೊಡ್ಡದು, ಅದಕ್ಕೆ 1/4" ಅಂದರೆ ಆ ಮಗುವಿಗೆ ಭಿನ್ನರಾಶಿ ಒಂದು ಸಂಖ್ಯೆಯಾಗಿ ಕಾಣುತ್ತಿಲ್ಲ, ಎರಡು ಬೇರೆ ಬೇರೆ ಸಂಖ್ಯೆಗಳಾಗಿ ಕಾಣುತ್ತಿದೆ. ಇಲ್ಲಿ ಲ.ಸಾ.ಅ. ಹೇಳಿಕೊಟ್ಟು ಉಪಯೋಗವಿಲ್ಲ. ಕಾಗದ ಮಡಚಿಸಿ, ರೊಟ್ಟಿ ಹಂಚಿಸಿ, ಗಾತ್ರ ಕಣ್ಣಿಗೆ ಬೀಳುವಂತೆ ಮಾಡಿ.

ಕ್ರಮ ಮಾತ್ರ ತಪ್ಪಿದ್ದರೆ ಗಡಿಯಾರ ತನ್ನಿ. ಅರ್ಧ ಗಂಟೆ ಅಂದರೆ 30 ನಿಮಿಷ, ಗಂಟೆಯ ಮೂರನೇ ಒಂದು ಭಾಗ 20 ನಿಮಿಷ. ಕೂಡಿಸಿದರೆ 50 ನಿಮಿಷ, ಅಂದರೆ 50/60, ಅಂದರೆ 5/6. ಹೊಲದ ಮಾತು ಗೊತ್ತಿರುವ ಮಕ್ಕಳಿಗೆ ಗುಂಟೆ ಇನ್ನೂ ಹತ್ತಿರ. ಎಕರೆಗೆ 40 ಗುಂಟೆ. 1/4 ಎಕರೆ ಅಂದರೆ 10 ಗುಂಟೆ, 1/5 ಎಕರೆ ಅಂದರೆ 8 ಗುಂಟೆ. ಒಟ್ಟು 18 ಗುಂಟೆ, ಅಂದರೆ 18/40, ಅದೇ 9/20. ಇಷ್ಟಾದ ಮೇಲೆ "ಎರಡನ್ನೂ ಒಂದೇ ಅಳತೆಗೆ ತಂದು ಕೂಡಿಸಿದೆವು, ಅದನ್ನೇ ಪುಸ್ತಕದಲ್ಲಿ ಛೇದ ಸಮ ಮಾಡುವುದು ಅನ್ನುತ್ತಾರೆ" ಅಂತ ಹೇಳಿದರೆ ಮಗು ಹಿಡಿದುಕೊಳ್ಳುತ್ತದೆ.

ದಶಮಾಂಶ: ಒಂದು ಜೋಡಿ ಸಾಲದು

0.5, 0.35, ಯಾವುದು ದೊಡ್ಡದು? "0.35, ಯಾಕೆಂದರೆ 35 ದೊಡ್ಡದು" ಅನ್ನುವ ಮಕ್ಕಳು ಜಾಸ್ತಿ. ಇವರು ಚುಕ್ಕಿಯ ಬಲಗಡೆ ಇರುವುದನ್ನು ಬೇರೆಯೇ ಒಂದು ಸಂಖ್ಯೆ ಅಂತ ಓದುತ್ತಾರೆ. ಆದರೆ 0.5 ಅಂತ ಹೇಳಿದ ಮಗುವಿಗೆ ಸರಿ ಗೊತ್ತಿದೆ ಅಂತ ತೀರ್ಮಾನಿಸಬೇಡಿ. ಕೆಲವರು "ಚುಕ್ಕಿ ಆದ ಮೇಲೆ ಉದ್ದ ಇದ್ದಷ್ಟೂ ಸಣ್ಣದು" ಅಂತ ನಂಬಿರುತ್ತಾರೆ. ಹತ್ತನೇ ಭಾಗಕ್ಕಿಂತ ನೂರನೇ ಭಾಗ ಸಣ್ಣದು ಅಂತ ಕಲಿತದ್ದನ್ನು ಹೀಗೆ ಹಿಡಿದಿರುತ್ತಾರೆ. ಅದಕ್ಕೇ ಎರಡನೇ ಜೋಡಿ ಬೇಕು: 0.4, 0.75. ಮೊದಲನೇ ಗುಂಪಿನ ಮಗು 0.35 ಮತ್ತು 0.75 ಅನ್ನುತ್ತದೆ. ಎರಡನೇ ಗುಂಪಿನ ಮಗು 0.5 ಮತ್ತು 0.4 ಅನ್ನುತ್ತದೆ. ನಿಜವಾಗಿ ಗೊತ್ತಿರುವ ಮಗು 0.5 ಮತ್ತು 0.75 ಅನ್ನುತ್ತದೆ. ಒಂದೇ ಜೋಡಿ ಕೊಟ್ಟಿದ್ದರೆ ಒಂದು ಗುಂಪು ತಪ್ಪಿಸಿಕೊಳ್ಳುತ್ತಿತ್ತು.

ಈ ಗೊಂದಲ ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಮಗುವಿನ ಮೇಲೆ ಕೋಪ ಬರುವುದಿಲ್ಲ. ಟೀವಿಯಲ್ಲಿ ಕ್ರಿಕೆಟ್ ನೋಡುವ ಮಗುವಿಗೆ 4.3 ಓವರ್ ಅಂದರೆ ನಾಲ್ಕು ಓವರ್, ಮೂರು ಬಾಲ್. 4.5 ಆದ ಮೇಲೆ ಬರುವುದು 5. ಅಲ್ಲಿ 4.6, 4.7 ಇಲ್ಲವೇ ಇಲ್ಲ. ಮೂರು ಬಾಲ್ ಅಂದರೆ ಅರ್ಧ ಓವರ್. ಅಂದರೆ ಟೀವಿಯ 4.3, ಗಣಿತ ಪುಸ್ತಕದಲ್ಲಿ 4.5. ಗಂಟೆಯೂ ಹಾಗೇ. ಮದುವೆ ಕರೆಯೋಲೆಯಲ್ಲಿ 10.30 ಅಂತ ಇರುತ್ತದೆ. 2.30ಕ್ಕೆ ಹೊರಟ ಬಸ್ಸು 1 ಗಂಟೆ 45 ನಿಮಿಷ ಓಡಿದರೆ ಎಷ್ಟಕ್ಕೆ ತಲುಪುತ್ತದೆ ಅಂದರೆ ಮಗು ಕೂಡಿಸಿ 3.75 ಅನ್ನುತ್ತದೆ. ನಿಜವಾಗಿ ತಲುಪುವುದು 4 ಗಂಟೆ 15 ನಿಮಿಷಕ್ಕೆ. ರೂಪಾಯಿ ಪೈಸೆಯಲ್ಲಿ 2.5 ಅನ್ನುವುದನ್ನು ಎರಡು ರೂಪಾಯಿ ಐದು ಪೈಸೆ ಅಂತ ಓದುತ್ತದೆ, ಅದು ಎರಡೂವರೆ ರೂಪಾಯಿ. ಒಂದೇ ಚುಕ್ಕಿ ಒಂದೊಂದು ಕಡೆ ಒಂದೊಂದು ಕೆಲಸ ಮಾಡುತ್ತದೆ ಅನ್ನುವುದನ್ನು ಮಗುವಿಗೆ ಬಾಯಿಬಿಟ್ಟು ಹೇಳಬೇಕು. ತಾನಾಗೇ ಗೊತ್ತಾಗಲಿ ಅಂತ ಬಿಡುವ ವಿಷಯ ಅಲ್ಲ ಇದು.

ಸರಿಮಾಡಲು ಕಂಪಾಸ್ ಬಾಕ್ಸಿನ ಸ್ಕೇಲ್ ಸಾಕು. 3.4 ಸೆಂ.ಮೀ. ಗೆರೆ, ಪಕ್ಕದಲ್ಲಿ 3.9, ಆಮೇಲೆ ಒಂದು ಗೀಟು ಮುಂದೆ ಹೋದರೆ 4.0 ಅಂತ ತೋರಿಸಿ. ಹೋಲಿಸುವಾಗ 0.5ನ್ನು 0.50 ಅಂತ ಬರೆಸಿ. 3.4 + 12.25 = 12.59 ಬಂದಿದ್ದರೆ ಬಲ ಅಂಚು ಸಾಲಾಗಿ ಇಟ್ಟು ಕೂಡಿಸಿದೆ. ಚುಕ್ಕಿಯ ಕೆಳಗೆ ಚುಕ್ಕಿ ಬರಬೇಕು, ಉತ್ತರ 15.65.

ಮೈನಸ್ ಮೈನಸ್ ಪ್ಲಸ್

ಈ ಮೂರು ಪದಗಳು ಮಾಡಿದಷ್ಟು ಹಾನಿ ಬೇರೆ ಯಾವ ಬಾಯಿಪಾಠವೂ ಮಾಡಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. −3 − 5 = +8 ಅಂತ ಬರೆದ ಮಗುವನ್ನು ಕೇಳಿ, "ಮೈನಸ್ ಮೈನಸ್ ಪ್ಲಸ್ ಅಲ್ವಾ" ಅನ್ನುತ್ತದೆ. ಗುಣಿಸುವಾಗಿನ ಮಾತನ್ನು ಇಲ್ಲಿಗೆ ತಂದಿದೆ. −3 − 5 ಮತ್ತು (−3) × (−5) ಎರಡನ್ನೂ ಅಕ್ಕಪಕ್ಕ ಕೊಟ್ಟು ನೋಡಿ. ಎರಡಕ್ಕೂ ಪ್ಲಸ್ ಉತ್ತರ ಬಂದರೆ ದೋಷ ಖಚಿತ. ಮೂರು ರೂಪಾಯಿ ಸಾಲ ಇತ್ತು, ಇನ್ನೂ ಐದು ಸಾಲ ಮಾಡಿದೆ, ಈಗ ಒಟ್ಟು ಎಷ್ಟು ಸಾಲ? ಎಂಟು. ಹಾಗಾಗಿ −8. 7 − (−2) ಬೇರೆ ವಿಷಯ, ಅಲ್ಲಿ ಎರಡು ರೂಪಾಯಿ ಸಾಲವನ್ನೇ ತೆಗೆದುಹಾಕಿದ್ದಾರೆ, 9 ಆಗುತ್ತದೆ.

ಬಾಡ್‌ಮಾಸ್ (ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ನೆನಪಿಡಲು ಹೇಳಿಕೊಡುವ ಇಂಗ್ಲಿಷ್ ಅಕ್ಷರಗಳ ಸಾಲು) ಕೂಡ ಹೀಗೇ. 12 − 4 + 3ಕ್ಕೆ 5 ಬರೆದ ಮಗು "ಕೂಡುವುದು ಮೊದಲು, ಕಳೆಯುವುದು ಆಮೇಲೆ" ಅಂತ ಅಕ್ಷರಗಳ ಸಾಲಿನಂತೆ ನಡೆದಿದೆ. ಕೂಡುವುದು ಕಳೆಯುವುದು ಸಮಾನ ಸ್ಥಾನದವು, ಎಡದಿಂದ ಬಲಕ್ಕೆ ಹೋಗಬೇಕು, ಉತ್ತರ 11. 24 ÷ 4 × 2 ಕೂಡ 12, 3 ಅಲ್ಲ.

ಎಕ್ಸ್ ಬಂದಾಗ

3ಎಕ್ಸ್ + 5 = 20. ಎರಡು ತಪ್ಪು ಉತ್ತರ ಹೆಚ್ಚು ಬರುತ್ತವೆ: 12 ಮತ್ತು −5. ಎರಡಕ್ಕೂ ಮೂಲ ಒಂದೇ, "ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ" ಅನ್ನುವ ಮಾತು. 5 ಆ ಕಡೆ ಹೋಗಿ −5 ಆಯಿತು, 3ಎಕ್ಸ್ = 15. ಇಲ್ಲಿಯವರೆಗೆ ಸರಿ. ಈಗ 3 ಆ ಕಡೆ ಹೋಗಬೇಕು. ಒಂದು ಮಗು 15 − 3 ಮಾಡಿ 12 ಬರೆಯಿತು. ಇನ್ನೊಂದು ಭಾಗಿಸಬೇಕು ಅಂತ ನೆನಪಿಟ್ಟುಕೊಂಡಿತು, ಜೊತೆಗೆ ಚಿಹ್ನೆಯನ್ನೂ ಬದಲಿಸಿ 15 ÷ (−3) ಮಾಡಿತು.

ಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡುತ್ತೇವೆ, ಅಷ್ಟೇ. ಎರಡೂ ಕಡೆಯಿಂದ 5 ಕಳೆದೆವು, ಎರಡೂ ಕಡೆ 3ರಿಂದ ಭಾಗಿಸಿದೆವು. ಕೆಲವು ವಾರ ಈ ಎರಡು ಸಾಲನ್ನೂ ಪೂರ್ತಿ ಬರೆಸಿ. ಉದ್ದ ಆಗುತ್ತದೆ, ಆಗಲಿ. ಬಂದ ಉತ್ತರವನ್ನು ಮೂಲ ಲೆಕ್ಕದಲ್ಲಿಟ್ಟು ನೋಡುವುದನ್ನು ಬಿಡಲೇಬಾರದು. 12 ಇಟ್ಟರೆ 41 ಬರುತ್ತದೆ, 5 ಇಟ್ಟರೆ 20. ಪುಸ್ತಕದ ಹಿಂದಿನ ಉತ್ತರದಲ್ಲೂ ಒಮ್ಮೊಮ್ಮೆ ಅಚ್ಚಿನ ತಪ್ಪಿರುತ್ತದೆ. ಇಟ್ಟು ನೋಡಿದ ಉತ್ತರ ಸರಿಹೊಂದಿದರೆ ಮಗುವಿನ ಉತ್ತರವನ್ನೇ ನಂಬಿ.

3ಎಕ್ಸ್ + 5 ಅನ್ನು 8ಎಕ್ಸ್ ಅಂತ ಕೂಡಿಸಿಬಿಟ್ಟರೆ, ಎಕ್ಸ್ ಜಾಗದಲ್ಲಿ 2 ಇಡಿಸಿ. ಒಂದು ಕಡೆ 11, ಇನ್ನೊಂದು ಕಡೆ 16. ಎರಡು ಸಂಖ್ಯೆಗಳ ಮೊತ್ತದ ವರ್ಗವನ್ನು ಬರೀ ಎರಡು ವರ್ಗಗಳ ಮೊತ್ತ ಅಂತ ಬರೆಯುವ ತಪ್ಪಿಗೂ ಇದೇ ಪರೀಕ್ಷೆ: 2 ಮತ್ತು 3 ಇಟ್ಟರೆ ಒಂದು ಕಡೆ 25, ಇನ್ನೊಂದು ಕಡೆ 13.

ಹೇಳಿಕೆ ಲೆಕ್ಕ

"ಲೆಕ್ಕ ಎಲ್ಲಾ ಬರುತ್ತೆ, ಆದರೆ ಹೇಳಿಕೆ ಲೆಕ್ಕ ಕೊಟ್ಟರೆ ಮಾತ್ರ ಆಗಲ್ಲ." ಹೆತ್ತವರು ಹೆಚ್ಚು ಹೇಳುವ ದೂರು ಇದೇ. ಇಲ್ಲಿ ಮಗು ಐದು ಜಾಗಗಳಲ್ಲಿ ಎಡವಬಹುದು. ಆಸ್ಟ್ರೇಲಿಯಾದ ಆನ್ ನ್ಯೂಮನ್ ಎಂಬ ಶಿಕ್ಷಣ ತಜ್ಞೆ 1977ರಲ್ಲಿ ಆ ಐದನ್ನು ಕ್ರಮವಾಗಿ ಗುರುತಿಸಿದರು. ಅದನ್ನು ಮನೆಯಲ್ಲಿ ಹೀಗೆ ಕೇಳಬಹುದು. ಮೊದಲು, "ಜೋರಾಗಿ ಓದು." ಆಮೇಲೆ, "ಏನು ಕೇಳಿದ್ದಾರೆ, ನಿನ್ನ ಮಾತಲ್ಲಿ ಹೇಳು." ಮೂರನೆಯದು, "ಏನು ಮಾಡಬೇಕು? ಕೂಡಬೇಕೋ, ಭಾಗಿಸಬೇಕೋ?" ನಾಲ್ಕನೆಯದು, "ಮಾಡಿ ತೋರಿಸು." ಕೊನೆಯದು, "ಈಗ ಅವರು ಕೇಳಿದ್ದಕ್ಕೆ ಉತ್ತರ ಬರೆ." ಎಲ್ಲಿ ತಡೆಯಿತೋ ಅಲ್ಲೇ ದೋಷ. ಮೊದಲ ಎರಡರಲ್ಲೇ ತಡೆದ ಮಗುವಿಗೆ ಇನ್ನಷ್ಟು ಗುಣಾಕಾರ ಮಾಡಿಸಿ ಪ್ರಯೋಜನ ಇಲ್ಲ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಒಂದು ಪರೀಕ್ಷೆಯನ್ನು ತಪ್ಪದೇ ಮಾಡಿ. ಅದೇ ಲೆಕ್ಕವನ್ನು ಮನೆಮಾತಿನಲ್ಲಿ, ಕನ್ನಡವೋ ಉರ್ದುವೋ ತುಳುವೋ, ಬಾಯಲ್ಲಿ ಹೇಳಿ. ಮಗು ಥಟ್ಟನೆ ಮಾಡಿದರೆ ಗಣಿತ ಸರಿಯಾಗೇ ಇದೆ, ತೊಡಕು ಭಾಷೆಯದು. 'ಈಚ್', 'ರಿಮೈನಿಂಗ್', 'ಲೆಸ್ ದ್ಯಾನ್' ಇಂಥ ಮಾತುಗಳ ಪಟ್ಟಿ ಮಾಡಿ ಅವನ್ನು ಕಲಿಸಿ. ಕನ್ನಡ ಮೀಡಿಯಂ ಮಕ್ಕಳಿಗೂ ಪುಸ್ತಕದ ಮಾತು ದೂರವಾಗಬಹುದು. ವಿಸ್ತೀರ್ಣ ಅಂದರೆ ತಿಳಿಯದ ಮಗುವಿಗೆ "ಈ ಕೋಣೆಗೆ ಪೂರ್ತಿ ಹಾಸಲು ಎಷ್ಟು ಟೈಲ್ಸ್ ಬೇಕು" ಅಂದರೆ ತಿಳಿಯುತ್ತದೆ.

ಮೂರನೇ ಜಾಗದಲ್ಲಿ ಎಡವುವವರದು ಬೇರೆ ಕಥೆ. "ರವಿಯ ಹತ್ತಿರ 24 ಗೋಲಿ ಇವೆ. ಅದು ಸಲ್ಮಾಳ ಹತ್ತಿರ ಇರುವುದಕ್ಕಿಂತ 8 ಜಾಸ್ತಿ. ಸಲ್ಮಾಳ ಹತ್ತಿರ ಎಷ್ಟಿವೆ?" ಮಗು 32 ಅನ್ನುತ್ತದೆ. "ಜಾಸ್ತಿ" ಕಂಡರೆ ಕೂಡು, "ಉಳಿದ" ಕಂಡರೆ ಕಳೆ ಅಂತ ಯಾರೋ ಹೇಳಿಕೊಟ್ಟಿದ್ದಾರೆ. ಗೈಡುಗಳಲ್ಲೂ ಟ್ಯೂಷನ್‌ನಲ್ಲೂ ಈ ಉಪಾಯ ಚಾಲ್ತಿಯಲ್ಲಿದೆ, ಇದನ್ನು ಕಲಿಸಲೇಬಾರದು. ಯಾರ ಹತ್ತಿರ ಜಾಸ್ತಿ ಇದೆ ಅಂತ ಎರಡು ಪಟ್ಟಿ ಬರೆಸಿ, ಉದ್ದದ್ದು ರವಿಯದು, ಗಿಡ್ಡದ್ದು ಸಲ್ಮಾಳದು. ವ್ಯತ್ಯಾಸ 8. ಚಿತ್ರ ನೋಡಿದ ಮೇಲೆ 16 ಅಂತ ಮಗುವೇ ಹೇಳುತ್ತದೆ.

ಕೊನೆಯ ಜಾಗ: "130 ಮಕ್ಕಳು ಪ್ರವಾಸಕ್ಕೆ ಹೋಗಬೇಕು, ಒಂದು ಬಸ್ಸಿಗೆ 45 ಮಂದಿ. ಎಷ್ಟು ಬಸ್ಸು ಬೇಕು?" ಮಗು "2, ಶೇಷ 40" ಅಂತ ಬರೆದು ಎದ್ದುಹೋಗುತ್ತದೆ. ಭಾಗಾಕಾರ ಸರಿ. ಆದರೆ ಆ 40 ಮಕ್ಕಳನ್ನು ಬಿಟ್ಟು ಹೋಗುವಂತಿಲ್ಲ, ಮೂರು ಬಸ್ಸು ಬೇಕು.

ಶೇಕಡಾ ಲೆಕ್ಕದಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: "ಯಾವುದರ ಶೇಕಡಾ?" 400ಕ್ಕೆ ಕೊಂಡು 500ಕ್ಕೆ ಮಾರಿದರೆ ಲಾಭ ಶೇ. 25. ಶೇ. 20 ಬಂದಿದ್ದರೆ ಕೊಂಡ ಬೆಲೆಯ ಬದಲು ಮಾರಿದ ಬೆಲೆಯಿಂದ ಭಾಗಿಸಿದೆ. ಅಳತೆ ಲೆಕ್ಕದಲ್ಲಿ 1 ಚದರ ಮೀಟರಿಗೆ 100 ಚದರ ಸೆಂ.ಮೀ. ಅಂತ ಬರೆದಿದ್ದರೆ ಉದ್ದ ಮಾತ್ರ ಲೆಕ್ಕ ಹಾಕಿದೆ, ಅಗಲ ಬಿಟ್ಟಿದೆ. ಅದು 10,000.

ಸರಿಹೋಯಿತಾ ಅಂತ ತಿಳಿಯುವುದು

ಹೇಳಿಕೊಟ್ಟ ಕೂಡಲೇ ಕೊಟ್ಟ ಲೆಕ್ಕ ಸರಿಯಾದರೆ ಅದನ್ನು ಲೆಕ್ಕಕ್ಕೆ ಇಡಬೇಡಿ. ಮಾರನೇ ದಿನ ಮೂರು ಲೆಕ್ಕ ಕೊಡಿ, ಒಂದು ವಾರ ಬಿಟ್ಟು ಮತ್ತೆ ಮೂರು. ಬೇರೆ ತರಹದ ಲೆಕ್ಕಗಳ ಮಧ್ಯೆ ಸೇರಿಸಿ ಕೊಡಿ, ಇಲ್ಲದಿದ್ದರೆ ಮಗು ಲೆಕ್ಕ ಓದದೆ ನಿನ್ನೆಯ ಕ್ರಮವನ್ನೇ ಓಡಿಸುತ್ತದೆ. ಊಟಕ್ಕೆ ಮುಂಚೆ ಹಸಿದ ಹೊಟ್ಟೆಯಲ್ಲಿ, ಅಥವಾ ನಿದ್ದೆ ತೂಗುವಾಗ ಈ ಪರೀಕ್ಷೆ ಬೇಡ. ಆಗ ಬರುವ ತಪ್ಪು ದಣಿವಿನ ತಪ್ಪು, ಅದರಿಂದ ಏನೂ ತಿಳಿಯುವುದಿಲ್ಲ.

ವಾರ ಕಳೆದ ಮೇಲೂ ಅದೇ ತಪ್ಪು ಮರಳಿ ಬಂದರೆ ಶಾಲೆಯ ಮೇಷ್ಟ್ರನ್ನೋ ಮಿಸ್ಸನ್ನೋ ನೋಡಿ. "ಲೆಕ್ಕದಲ್ಲಿ ವೀಕ್" ಅಂತ ಹೇಳಿದರೆ ಅವರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಮಗು ಮಾಡಿದ ಆ ಮೂರು ಲೆಕ್ಕದ ಹಾಳೆಯನ್ನೇ ತೋರಿಸಿ. "ಸಾಲ ತರೋದು ಬರುತ್ತೆ, ಮಧ್ಯೆ ಸೊನ್ನೆ ಬಂದರೆ ಮಾತ್ರ 356 ಅಂತ ಬರೀತಾನೆ, ಚೀಟಿ ಇಟ್ಟು ಮಾಡಿಸಿದಾಗ ಸರಿ ಮಾಡ್ತಾನೆ ಮಿಸ್" ಅಂದರೆ, ಅವರು ಎಲ್ಲಿಂದ ಶುರು ಮಾಡಬೇಕು ಅನ್ನುವುದು ಆ ಹಾಳೆಯಲ್ಲೇ ಇರುತ್ತದೆ.